ಪದಚರ್ಚೆ: ‘ಹೇಟ್ ಸ್ಪೀಚ್’ಗೆ ಕನ್ನಡ ಬೇಕು (ಫ್ಲೆಕ್ಸ್‌ಗೆ, ತುರ್ತು)

ತುಮಕೂರು:
ವಾಕ್ ಸ್ವಾತಂತ್ರ್ಯದ ಮಿತಿ ಕುರಿತ ಪೋಸ್ಟರ್ ಪ್ರದರ್ಶನವಿದೆ. ಆರಡಿ-ಮೂರಡಿ ಫ್ಲೆಕ್ಸ್ ನಾಳೆ ಬೆಳಗ್ಗೆಯೇ ಪ್ರಿಂಟಿಗೆ ಹೋಗಬೇಕು. ಪತ್ರಿಕೆಯವರ ‘ದ್ವೇಷ ಭಾಷಣ’ ಹಾಕಿದರೆ ವೇದಿಕೆ, ಮೈಕು ಅಷ್ಟೇ ನೆನಪಾಗುತ್ತದೆ. ನಮ್ಮಲ್ಲಿರುವುದು ಗೋಡೆಬರಹ, ವಾಟ್ಸಾಪ್ ಚಿತ್ರ, ನಾಜಿಗಳ ಸ್ವಸ್ತಿಕ. ಎಲ್ಲಕ್ಕೂ ಹೊಂದುವ ಪದ ತಿಳಿಸಿ.

ಮಾಲೂರು:
ಹಗೆನುಡಿ. ಹಳಗನ್ನಡದ ‘ಪಗೆ’ಯೇ ಹಗೆ. ತಮಿಳಿನಲ್ಲಿ ಪಗೈ, ತೆಲುಗಿನಲ್ಲಿ ಪಗ. ಗಡಿಯ ಮೂರು ಭಾಷೆಯವರಿಗೂ ತಿಳಿಯುವ ಮಾತು ಇರುವಾಗ ಸಂಸ್ಕೃತದ ‘ದ್ವೇಷ’ ಯಾಕೆ ಬೇಕು?

ಚಿಂತಾಮಣಿ:
ಮಾಲೂರಿನವರೇ, ನುಡಿ ಅಂದರೂ ಮಾತೇ. ಚಿತ್ರ ಎಲ್ಲಿ ಬಂತು? ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ (ಹಳೆಯ ದಂಡಸಂಹಿತೆ ಐಪಿಸಿಯಲ್ಲಿ 153ಎ) ಆಡಿದ ಮಾತು, ಬರಹ, ಸಂಜ್ಞೆ, ಕಣ್ಣಿಗೆ ಕಾಣುವ ಚಿತ್ರಣ, ಎಲೆಕ್ಟ್ರಾನಿಕ್ ಸಂವಹನ ಎಲ್ಲವನ್ನೂ ಬಿಡಿಬಿಡಿಯಾಗಿ ಹೆಸರಿಸುತ್ತದೆ. ‘ಹೇಟ್ ಸ್ಪೀಚ್’ ಎಂಬ ಪದ ಅದರಲ್ಲಿಲ್ಲ. ‘ದ್ವೇಷ ಹರಡುವ ಮಾತು, ಬರಹ, ಚಿಹ್ನೆ’ ಎಂದು ಹಾಕಿ.

ಅಡಿಬರಹದಲ್ಲಿ ‘ಮನಸ್ಸಿಗೆ ನೋವುಂಟುಮಾಡುವ’ ಅಂತ ಮಾತ್ರ ಬರೆಯಬೇಡಿ. ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಸಂವಿಧಾನದ 19(2) ಕೊಡುವ ಕಾರಣಗಳ ಪಟ್ಟಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಇತ್ಯಾದಿ ಇವೆ; ಬರೀ ನೋವು ಇಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಆನ್‌ಲೈನ್ ಸಂದೇಶಗಳನ್ನು ಶಿಕ್ಷಿಸುತ್ತಿದ್ದ ಐಟಿ ಕಾಯ್ದೆಯ 66ಎ ರದ್ದು ಮಾಡಿದ್ದು ‘ಕಿರಿಕಿರಿ’ಯಂಥ ಪದಗಳಿಗೆ ಗಡಿಯೇ ಇಲ್ಲವೆಂದು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರಾಗಿ ಬಿಡಿಸಿ, ಪ್ರಚೋದನೆಯ ಮಟ್ಟ ಮುಟ್ಟಿದಾಗಲೇ ನಿರ್ಬಂಧ ಎಂದಿತು.

‘ಜಾತಿ ನಿಂದನೆ’ಗೆ ಬೇರೆ ಫಲಕ ಕೊಡಿ. ಪರಿಶಿಷ್ಟ ಜಾತಿ-ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಜಾತಿ ನಿಂದನೆಯ ಕಲಮಿಗೆ ಬೈಗುಳ ಸಾರ್ವಜನಿಕರ ಕಣ್ಣೆದುರು ಆಗಿರಬೇಕು. ಹೊರಗಿನವರಿಲ್ಲದ ನಾಲ್ಕು ಗೋಡೆಯೊಳಗೆ ಆಡಿದ್ದು ಆ ಕಲಮಿನಡಿ ಬರುವುದಿಲ್ಲ ಎಂದು 2020ರ ತೀರ್ಪಿದೆ.

ಮಾಲೂರು:
‘ಚಿಹ್ನೆ’ಯೂ ಸಂಸ್ಕೃತವೇ. ‘ಗುರುತು’ ಸತ್ತುಹೋಗಿದೆಯೇ? ಸಂಸ್ಕೃತ ಬಿಟ್ಟು ಕನ್ನಡಕ್ಕೆ ಬಾಳಿಲ್ಲ ಅನ್ನುವ ಹಟವೇ ನಮ್ಮ ಕಾನೂನಿನ ಕನ್ನಡವನ್ನು ಯಾರೂ ಓದದ ಹಾಗೆ ಮಾಡಿರುವುದು.

ಶಿಡ್ಲಘಟ್ಟ:
‘ಗುರುತು’ ಒಪ್ಪಿದೆ. ‘ದ್ವೇಷ’ ಇರಲಿ. ಅದು ನಮ್ಮ ಮನೆಮಾತಾಗಿ ಎಷ್ಟೋ ಕಾಲವಾಯಿತು. ‘ಹಗೆ’ ಅಂದರೆ ಶತ್ರು ಅಂತಲೂ ಅರ್ಥವಿದೆ, ಫಲಕ ನೋಡುವವರು ಗೊಂದಲಕ್ಕೆ ಬೀಳುತ್ತಾರೆ.

ತುಮಕೂರಿನವರೇ, ನಾಜಿ ಗುರುತನ್ನು ಬರೀ ‘ಸ್ವಸ್ತಿಕ’ ಅನ್ನಬೇಡಿ, ಅದು ನಮ್ಮ ಹೊಸ್ತಿಲ ಮೇಲೂ ಇದೆ. ಜರ್ಮನರು ಅದನ್ನು ‘ಹಾಕೆನ್‌ಕ್ರಾಯ್ಟ್ಸ್’ ಅನ್ನುತ್ತಾರೆ, ಕೊಕ್ಕೆ ಶಿಲುಬೆ ಎಂದರ್ಥ. ಅಲ್ಲಿನ ದಂಡಸಂಹಿತೆಯ 86ಎ ಅದರ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿ, ಪಾಠ, ಕಲೆ, ಸಂಶೋಧನೆಗೆ ವಿನಾಯಿತಿ ಕೊಟ್ಟಿದೆ. ವಿವರಣೆಯನ್ನು ಚಿತ್ರದ ಚೌಕಟ್ಟಿನ ಒಳಗೇ ಅಚ್ಚು ಹಾಕಿಸಿ. ಕೆಳಗೆ ಬೇರೆ ಚೀಟಿ ಅಂಟಿಸಿದರೆ ಯಾರಾದರೂ ಗುರುತನ್ನಷ್ಟೇ ಫೋಟೋ ಹೊಡೆದು ಗ್ರೂಪಿಗೆ ಹಾಕುತ್ತಾರೆ. ‘ದ್ವೇ’ಯ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಸಾಲುಗಳ ನಡುವೆ ಜಾಗ ಬಿಡಲು ಡಿಟಿಪಿಯವರಿಗೆ ಹೇಳಿ.