‘ಭೂತಕಾಲದ ಗಾಯ’ಕ್ಕೆ ಬದಲಿಗೆ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಚರ್ಚಿಗೆ ಒಂದು ಕರಪತ್ರ ಬರೆದುಕೊಡುತ್ತಿದ್ದೇನೆ. ಕ್ರೈಸ್ತ ಆಪ್ತಸಮಾಲೋಚನೆ ಬಗ್ಗೆ. ಎಂದೋ ಆದ ನೋವು ಇಂದಿನ ಸಿಟ್ಟು, ಅಂಜಿಕೆಯಲ್ಲಿ ಹೇಗೆ ಎದ್ದು ಬರುತ್ತದೆ, ಅದನ್ನು ಮಾತಾಡಿ, ಪ್ರಾರ್ಥಿಸಿ ತಿಳಿದುಕೊಳ್ಳುವುದು ಹೇಗೆ ಅನ್ನೋದು ವಿಷಯ.

ಸುಮ್ನೆ ‘ಕೌನ್ಸೆಲಿಂಗ್’ ಅಂತಲೇ ಬಿಡೋಣ ಅಂದುಕೊಂಡೆ. ನಮ್ಮ ಓಣಿಯ ಅಜ್ಜಿ, "ಯಾವ ಕಾಲೇಜ್ ಸಿಕ್ತೋ ತಮ್ಮಾ?" ಅಂದರು. ಸಿಇಟಿ ಮಹಿಮೆ! ‘ಆಪ್ತಸಮಾಲೋಚನೆ’ ಅಂದರೆ ಕೆಲವರಿಗೆ ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷೆಯ ಬೋರ್ಡು ನೆನಪಾಗುತ್ತದೆ. ಆದರೂ ಅದನ್ನೇ ಇಟ್ಟಿದ್ದೇನೆ, ‘ಆಪ್ತ’ ಇದೆಯಲ್ಲ. ಬೈಬಲ್ಲಿನ ಯೆಶಾಯನ ಪುಸ್ತಕದ ‘ಆಲೋಚನಾಕರ್ತ’ ಚೆಂದದ ಪದ. ಆದರೆ ಅದು ಕ್ರಿಸ್ತನ ಹೆಸರು ಅಂತ ನಾವು ಓದುತ್ತೇವೆ, ಮನುಷ್ಯರಿಗೆ ಹಚ್ಚಲು ಮನಸ್ಸು ಬರಲಿಲ್ಲ.

ನಿಜವಾದ ತೊಡಕು ಇದು. ‘ಭೂತಕಾಲದ ಗಾಯದಿಂದ ಬಿಡುಗಡೆ’ ಅಂತ ಬರೆದೆ. ಓದಿದ ಅಕ್ಕ ಒಬ್ಬರು, "ಏನ್ರೀ, ದೆವ್ವ ಬಿಡಸ್ತೀರೇನು?" ಅಂದರು. ‘ಸಂಸ್ಕರಿಸು’ ಹಾಲಿನ ಡೇರಿಯದು. ‘ಕೆದಕು’ ಅಂದರೆ ಜಗಳದ ವಾಸನೆ. ‘ಮರೆತುಬಿಡು’ ತಪ್ಪೇ ಆಗುತ್ತದೆ. ಬೈಬಲ್ಲಿನ ಯೋಸೇಫನ ಕಥೆ ನೋಡಿ. ಅಣ್ಣಂದಿರು ಮಾರಿಬಿಟ್ಟವನು, ಮುಂದೆ ಮೊದಲ ಮಗನಿಗೆ ‘ಮನಸ್ಸೆ’ ಅಂತ ಹೆಸರಿಟ್ಟ. ನಮ್ಮ ‘ಮನಸ್ಸು’ ಅಲ್ಲ, ಹೀಬ್ರೂದಲ್ಲಿ ಮರೆಸುವುದು ಅಂತ. ಮರೆತೆ ಅಂದವನೇ ಅಣ್ಣಂದಿರ ಮುಂದೆ ಐಗುಪ್ತದವರಿಗೆಲ್ಲ (ಈಜಿಪ್ಟಿನವರಿಗೆ) ಕೇಳುವಂತೆ ಅತ್ತ. ಕೊನೆಗೆ ಅವರು ಮಾಡಿದ್ದನ್ನು ಕೇಡು ಅಂತಲೇ ಕರೆದ, ದೇವರು ಅದರಿಂದಲೇ ಒಳಿತು ತಂದ ಅಂತಲೂ ಹೇಳಿದ. ಈ ಎರಡೂ ಹಿಡಿಯುವ ಪದ ನನಗೆ ಬೇಕು.

ನಮ್ಮ ಕಡೆ ‘ಹೊಳ್ಳಿ ನೋಡು’ ಅನ್ನುತ್ತಾರೆ. ಬೆರಳು ಬೆಳ್ಳಾದ ಹಾಗೆ, ಕೊರಳು ಕೊಳ್ಳಾದ ಹಾಗೆ ಹೊರಳಿ ಹೊಳ್ಳಿಯಾಗಿದೆ. ನಿಂತು, ಮೈ ತಿರುಗಿಸಿ ನೋಡುವುದು. ಅಲ್ಲೇ ಇರಲು ಅಲ್ಲ, ನೋಡಿ ಮುಂದೆ ನಡೆಯಲು. ನನಗೆ ಇದೇ ಜಾಸ್ತಿ ಹಿಡಿಸಿತು. ಆದರೆ ನಮ್ಮ ಪಾಸ್ಟರು ಬೈಬಲ್ಲಿನ ಇನ್ನೊಂದು ಕಥೆ ನೆನಪಿಸಿ ನಕ್ಕರು: "ಲೋಟನ ಹೆಂಡತಿ ಹೊಳ್ಳಿ ನೋಡೇ ಉಪ್ಪಿನ ಕಂಬ ಆದಳಲ್ರೀ!"

ಉತ್ತರ ಹೊಳೆಯಲಿಲ್ಲ. ಮೈಸೂರು, ಮಂಗಳೂರು ಕಡೆಯವರಿಗೆ ‘ಹೊಳ್ಳಿ ನೋಡು’ ತಿಳಿಯುತ್ತದಾ? ಗದಗ, ಹಾವೇರಿ ಕಡೆ ಬೇರೆ ಮಾತು ಇದೆಯಾ? ಕರಪತ್ರ ಭಾನುವಾರ ಅಚ್ಚಿಗೆ ಹೋಗುತ್ತದೆ.