‘ಅಳಿದ ಮೀನು’: ಎಲ್ಲಿ ಅಳಿದದ್ದು? ಪ್ರಾಚೀನ ಡಿಎನ್‌ಎ ಬರಹಗಳ ಕೆಲವು ಪದಗಳು

ಪ್ರಶ್ನೆ: ಉತ್ಖನನದಲ್ಲಿ ಸಿಕ್ಕ ಮೂಳೆಗಳ ಡಿಎನ್‌ಎಯಿಂದ, ಒಂದು ನದಿಯಲ್ಲಿ ಹಿಂದೆ ಇದ್ದು ಈಗ ಇಲ್ಲದ ಮೀನನ್ನು ಗುರುತಿಸುವ ಬಗ್ಗೆ ಲೇಖನವೊಂದನ್ನು ತಿದ್ದುತ್ತಿದ್ದೇನೆ. ‘ಸ್ಥಳೀಯವಾಗಿ ಅಳಿದ ಪ್ರಭೇದ’ ಸರಿಯೇ? ‘ಪ್ರಾಚೀನ ಡಿಎನ್‌ಎ’ಯಲ್ಲಿ ‘ಪ್ರಾಚೀನ’ ಎಂದರೆ ಎಷ್ಟು ಹಳೆಯದು? ‘ಮಾಲಿನ್ಯ’ ಎಂಬ ಪದವೂ ಪದೇ ಪದೇ ಬರುತ್ತದೆ. ಅದನ್ನು ಹಾಗೇ ಬಿಡಬಹುದೇ?

ಉತ್ತರ: ಕೊನೆಯದನ್ನು ಮೊದಲು ಹೇಳುತ್ತೇನೆ. ‘ಮಾಲಿನ್ಯ’ ಬೇಡ. ನದಿಯ ಮೀನಿನ ಲೇಖನದಲ್ಲಿ ಆ ಪದ ಕಂಡ ಕೂಡಲೇ ಓದುಗರ ಮನಸ್ಸು ಕೊಳಕು ನೀರಿನತ್ತ ಹೋಗುತ್ತದೆ. ಇಲ್ಲಿ ಹೇಳಬೇಕಾದದ್ದು ಹೊರಗಿನ ಡಿಎನ್‌ಎ ಸೇರಿಕೊಳ್ಳುವುದನ್ನು. ‘ಕಲಬೆರಕೆ’ ಎಂದರೆ ಯಾರೋ ಬೇಕೆಂದೇ ಮಾಡಿದಂತಾಗುತ್ತದೆ. ‘ಬೆರಕೆ’ ಎಂದಷ್ಟೇ ಬರೆದರೆ ಮಿಶ್ರತಳಿ ಎಂದುಕೊಂಡಾರು. ‘ಹೊರ ಡಿಎನ್‌ಎ ಸೇರ್ಪಡೆ’ ಉದ್ದವಾದರೂ ಸ್ಪಷ್ಟ.

‘ಪ್ರಾಚೀನ’ ಉಳಿಯಲಿ, ಆದರೆ ಅದು ವಯಸ್ಸಿಗಿಂತ ಹೆಚ್ಚಾಗಿ ಸ್ಥಿತಿಯನ್ನು ಹೇಳುವ ಪದವೆಂದು ಒಂದು ವಾಕ್ಯದಲ್ಲಿ ತಿಳಿಸಿ. ಸಂಗ್ರಹಾಲಯದಲ್ಲಿ ನೂರು ವರ್ಷ ಒಣಗಿ ನಿಂತ ಮೀನಿನ ಡಿಎನ್‌ಎಯನ್ನೂ ಇದೇ ವಿಧಾನದಲ್ಲಿ ತೆಗೆಯುತ್ತಾರೆ. ಎಳೆಗಳು ತುಂಡಾಗಿರುತ್ತವೆ, ಬಹುಪಾಲು ತುಣುಕುಗಳು 100 ಬೇಸ್‌ಜೋಡಿಗಿಂತ (ಡಿಎನ್‌ಎ ಉದ್ದದ ಅಳತೆ) ಚಿಕ್ಕವು. ತುದಿಗಳಲ್ಲಿ ಡಿಎನ್‌ಎಯ ‘ಅಕ್ಷರ’ಗಳಲ್ಲೊಂದಾದ ಸೈಟೊಸಿನ್ ಕೆಟ್ಟು ಯುರಾಸಿಲ್ ಆಗಿರುವುದರಿಂದ, ಡಿಎನ್‌ಎ ಓದುವ ಯಂತ್ರ ಅದನ್ನು ಥೈಮಿನ್ ಎಂಬ ಬೇರೆ ಅಕ್ಷರವೆಂದು ಓದುತ್ತದೆ. ಈ ಹಾನಿಯ ಗುರುತು ಕಂಡರೆ ಡಿಎನ್‌ಎ ಹಳೆಯದೆಂಬುದಕ್ಕೆ ಒಳ್ಳೆಯ ಪುರಾವೆ. ‘ಜೀರ್ಣ ಡಿಎನ್‌ಎ’ ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಮೂಳೆಯ ಪುಡಿಯನ್ನು ಕಿಣ್ವದಿಂದ ಕರಗಿಸುವ ಹಂತವನ್ನೂ ‘ಜೀರ್ಣ’ ಎನ್ನುವವರಿದ್ದಾರೆ, ಗೊಂದಲ ಖಚಿತ.

ಆ ಹಂತದ ಕ್ರಿಯಾಪದಗಳನ್ನೂ ಸರಿಯಾಗಿ ಜೋಡಿಸಿ. ಮೂಳೆಯ ಹೊರಮೈಯನ್ನು ‘ತೊಳೆದು’ ಅಥವಾ ‘ಕೆರೆದು’, ಹತ್ತಾರು ಮಿಲಿಗ್ರಾಂ ‘ಪುಡಿ ಮಾಡಿ’, ಇಡಿಟಿಎ (ಮೂಳೆಯ ಖನಿಜ ಕರಗಿಸುವ ರಾಸಾಯನಿಕ) ಮತ್ತು ಪ್ರೋಟಿನೇಸ್ ಕೆ (ಪ್ರೋಟೀನ್ ಒಡೆಯುವ ಕಿಣ್ವ) ದ್ರಾವಣದಲ್ಲಿ ರಾತ್ರಿಯಿಡೀ ‘ಕರಗಿಸಿ’, ಹೊರಬಂದ ಡಿಎನ್‌ಎಯನ್ನು ಸಿಲಿಕಾಕ್ಕೆ ‘ಅಂಟಿಸಿ ತೊಳೆದು ಬಿಡಿಸುತ್ತಾರೆ’. ಜೊತೆಗೆ ಮೂಳೆ ಹಾಕದ ಒಂದು ನಳಿಕೆಯನ್ನೂ ಇದೇ ದಾರಿಯಲ್ಲಿ ಸಾಗಿಸುತ್ತಾರೆ. ಅದಕ್ಕೆ ‘ಖಾಲಿ ಮಾದರಿ’ ಎನ್ನಿ. ಅದರಲ್ಲಿ ಮೀನಿನ ಡಿಎನ್‌ಎ ಸಿಕ್ಕರೆ ಅದರ ಜೊತೆ ಸಾಗಿಸಿದ ಮಾದರಿಗಳ ಫಲಿತಾಂಶವನ್ನೇ ನಂಬುವಂತಿಲ್ಲ. ಹೊಸ ಮೀನಿನ ಪಿಸಿಆರ್ (ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡುವ ವಿಧಾನ) ನಡೆಯುವ ಕೋಣೆಯಲ್ಲಿ ಈ ಕೆಲಸ ಮಾಡಬಾರದೆಂಬ ನಿಯಮವೂ ಇದಕ್ಕಾಗಿಯೇ. ಪಿಸಿಆರ್‌ಗೆ ಉದ್ದನೆಯ ಭಾಗವನ್ನು ಗುರಿ ಇಟ್ಟರೆ ಹಳೆಯ ತುಣುಕುಗಳು ಸೋತು, ಹೊರಗಿನಿಂದ ಬಂದ ಹೊಸ ಡಿಎನ್‌ಎಯೇ ಗೆಲ್ಲುತ್ತದೆ.

ಈಗ ಮುಖ್ಯ ಪದಕ್ಕೆ. ‘ಸ್ಥಳೀಯವಾಗಿ ಅಳಿದ ಪ್ರಭೇದ’ ವ್ಯಾಕರಣದ ಪ್ರಕಾರ ಸರಿ. ಆದರೆ ಶೀರ್ಷಿಕೆಗೆ ಇಳಿಯುವಾಗ ಅದು ‘ಅಳಿದ ಸ್ಥಳೀಯ ಪ್ರಭೇದ’ ಆಗಿಬಿಡುತ್ತದೆ, ಅರ್ಥ ಪೂರ್ತಿ ತಿರುಗುತ್ತದೆ: ಆ ಊರಿನದೇ ಮೀನು, ಈಗ ಜಗತ್ತಿನಲ್ಲೇ ಇಲ್ಲ ಎಂದು. ಬರ್ಬಟ್ ಮೀನು ಬ್ರಿಟನ್ನಿನ ನದಿಗಳಲ್ಲಿ ಇಲ್ಲವಾಯಿತು, ಅಲ್ಲಿನ ಕೊನೆಯ ದಾಖಲೆ 1969ರದು. ಯುರೋಪಿನ ಮುಖ್ಯಭೂಮಿಯಲ್ಲಿ ಅದು ಇಂದಿಗೂ ಇದೆ. ಆದ್ದರಿಂದ ‘ಅಳಿದ’ ಎಂಬುದನ್ನು ಇಡೀ ಜಗತ್ತಿಗೆ ಮೀಸಲಿಟ್ಟು, ಒಂದು ನದಿಯ ಮಟ್ಟಿಗೆ ಸಪ್ತಮಿಯಲ್ಲಿ ಹೇಳುವುದು ಮೇಲು: ‘ಈ ನದಿಯಲ್ಲಿ ಇಲ್ಲವಾದ ಮೀನು’. ‘ಇಲ್ಲವಾದ’ ಎಂದೊಡನೆ ‘ಎಲ್ಲಿ’ ಎಂಬ ಪ್ರಶ್ನೆ ಏಳುತ್ತದೆ, ಬರೆಯುವವರು ನದಿಯ ಹೆಸರು ಕೊಡಲೇಬೇಕಾಗುತ್ತದೆ. ‘ಕಣ್ಮರೆ’ ಬೇಡ, ಕಾಣದಿರುವುದೂ ಇಲ್ಲದಿರುವುದೂ ಒಂದಲ್ಲ.

‘ಗುರುತಿಸಲಾಗಿದೆ’ ಎಂಬಲ್ಲೂ ಎಚ್ಚರ ಬೇಕು. ಹೋಲಿಸಿ ನೋಡಲು ಬಳಸುವ, ತಿಳಿದ ಪ್ರಭೇದಗಳ ಡಿಎನ್‌ಎ ದತ್ತಸಂಚಯದಲ್ಲಿ ಆ ಪ್ರಭೇದವೇ ಇಲ್ಲದಿದ್ದರೆ ಹತ್ತಿರದ ಸಂಬಂಧಿಯ ಹೆಸರು ಬರುತ್ತದೆ. ಜೀವಕೋಶದ ಶಕ್ತಿ ಘಟಕವಾದ ಮೈಟೊಕಾಂಡ್ರಿಯದ ಡಿಎನ್‌ಎ ಸಾಮಾನ್ಯವಾಗಿ ತಾಯಿಯಿಂದಷ್ಟೇ ಬರುವುದರಿಂದ ಮಿಶ್ರತಳಿಯೂ ಶುದ್ಧ ತಳಿಯಂತೆ ತೋರುತ್ತದೆ. ಒಣಗಿಸಿದ, ಉಪ್ಪು ಹಾಕಿದ ಮೀನು ದೂರದಿಂದ ಬಂದಿರಲೂಬಹುದು. ಅಂಥ ಮೀನಿನ ತಲೆ ತೆಗೆದು ಸಾಗಿಸುವುದುಂಟು, ಹಾಗಾಗಿ ತಲೆಯ ಮೂಳೆಗಳಿಲ್ಲದೆ ಬೆನ್ನೆಲುಬಿನ ತುಂಡುಗಳಷ್ಟೇ ಸಿಕ್ಕಿದ್ದರೆ ಆ ಅನುಮಾನ ಬಲವಾಗುತ್ತದೆ. ಹಾಗಾಗಿ ‘ಇಲ್ಲಿ ತಿಂದರು’, ‘ಇಲ್ಲಿ ಬದುಕಿತ್ತು’ ಎರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಬರೆಯಿರಿ.

ಸರಿಯಾದ ಹೆಸರಿನಿಂದ ಆಗುವ ವ್ಯತ್ಯಾಸ ದೊಡ್ಡದು. ಬಾಲ್ಟಿಕ್ ಸಮುದ್ರದಿಂದ ನದಿಗಳಿಗೆ ಏರುತ್ತಿದ್ದ ಸ್ಟರ್ಜನ್ ಎಂಬ ದೊಡ್ಡ ಮೀನು ಯುರೋಪಿನ ಪ್ರಭೇದವೆಂದೇ ಬಹುಕಾಲ ನಂಬಿದ್ದರು. ಹಳೆಯ ಮಾದರಿಗಳ ಡಿಎನ್‌ಎ ನೋಡಿ, ಅದು ಉತ್ತರ ಅಮೆರಿಕದ ಅಟ್ಲಾಂಟಿಕ್ ಸ್ಟರ್ಜನ್ ಎಂದು 2002ರಲ್ಲಿ ತೋರಿಸಿದರು. ಬಾಲ್ಟಿಕ್ ಸೇರುವ ಓಡರ್ ನದಿಗೆ ಮತ್ತೆ ಬಿಡುವ ಮರಿಗಳನ್ನು ಕೆನಡಾ ಮೂಲದ ಮೀನುಗಳಿಂದ ಪಡೆದದ್ದಕ್ಕೆ ಇದೇ ಆಧಾರ.