ಸಹಾಯ ಬೇಕು: ಪದ್ಮಿನಿ ಎಂಜಿನ್ ಟ್ಯೂನಿಂಗ್, ಮೈಸೂರು ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೇಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. 1089 ಸಿಸಿ ಪೆಟ್ರೋಲ್, ಸ್ಟೇರಿಂಗ್ ಪಕ್ಕದ ಗೇರು. ಶೋಗೆ ನಿಲ್ಲಿಸೋಕಲ್ಲ, ದಿನಾ ಆಫೀಸಿಗೆ ಓಡಿಸೋಕೆ. ರೇಸಿನ ಪವರ್ ಬೇಡ ಸ್ವಾಮಿ, ಮೂರನೇ ಗೇರಲ್ಲಿ ಮುಗ್ಗರಿಸದೆ ಎಳೆದರೆ ಸಾಕು.

ಬೆಳಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಸತ್ತಂತಾಗಿ, ಆಮೇಲೆ ಜರ್ಕ್ ಹೊಡೆದು ಎದ್ದೇಳುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ, ತುದಿ ಬೆಳ್ಳಗಿದೆ. ಅಂದರೆ ಮಿಕ್ಸ್‌ಚರ್ ಲೀನ್, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ನನ್ನ ಅನುಮಾನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಮೇಲೆ: ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಕಾರ್ಬ್ಯುರೇಟರಿನ (ಗಾಳಿ-ಪೆಟ್ರೋಲ್ ಬೆರೆಸೋ ಭಾಗ) ಹಳೇ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತು, ಬಿಡೋ ಪೆಟ್ರೋಲ್ ಸಾಲಲ್ಲ. ಕಿಡಿಗೆ ಬೇಕಾದ ಪಾಯಿಂಟ್ಸ್, ಕಂಡೆನ್ಸರ್ ಹೊಸದು. ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡಿಸಿದ್ದೀನಿ. ಆಕ್ಸಿಲರೇಟರ್ ಪಂಪಿನ (ಒತ್ತಿದಾಗ ಹೆಚ್ಚು ಪೆಟ್ರೋಲ್ ಚಿಮ್ಮಿಸೋದು) ಡಯಾಫ್ರಮ್, ಅಂದರೆ ಒಳಗಿನ ತೆಳು ಪರದೆ, ಇನ್ನೂ ಬಿಚ್ಚಿಲ್ಲ.

ಒಬ್ಬ ಮೆಕ್ಯಾನಿಕ್ "ಬೇರೆ ಕಾರಿನ ಕಾರ್ಬ್ಯುರೇಟರ್ ಹಾಕ್ಬಿಡಿ ಸಾರ್, ತಲೆನೋವೇ ಇರಲ್ಲ" ಅಂದ್ರು. ಈಗಿರೋ ಸೋಲೆಕ್ಸ್ ಕಾರ್ಬ್ಯುರೇಟರ್ ಬಿಡೋಕೆ ಮನಸ್ಸಿಲ್ಲ.

ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಯಾರಾದ್ರೂ ಓಡಿಸಿದ್ದೀರಾ? ಮೈಲೇಜ್ ಎಷ್ಟು ಬಿತ್ತು? ಎಥನಾಲ್ ತಡೆಯೋ ಡಯಾಫ್ರಮ್, ಪೆಟ್ರೋಲ್ ಪೈಪು ಬೆಂಗಳೂರಿನ ಜೆಸಿ ರೋಡಲ್ಲಿ ಸಿಗುತ್ತಾ? ಬರೀ ಕಿವಿ ನಂಬದೆ ಟೈಮಿಂಗ್ ಲೈಟ್ (ಕಿಡಿ ಬೀಳೋ ಸಮಯ ತೋರಿಸೋ ದೀಪ) ಇಟ್ಟು ಟ್ಯೂನ್ ಮಾಡೋ ಪಳಗಿದ ಕೈ ಮೈಸೂರು, ಮಂಡ್ಯ ಕಡೆ ಇದ್ರೆ ದಯವಿಟ್ಟು ತಿಳಿಸಿ.